ಹುಳು ತಿಂದ ಎಲೆ

ನಮ್ಮ ಊರಿನಲ್ಲಿ ಮನೆ ಕಟ್ಟುವವರು ಬಾಗಿಲ ಬಲಗಡೆ ಒಂದು ಮೊಳ ಅಗಲದ ಪಾತಿಯನ್ನು ಖಾಲಿ ಬಿಡುತ್ತಾರೆ. ಅಲ್ಲಿ ಯಾರೂ ಏನನ್ನೂ ಬಿತ್ತುವುದಿಲ್ಲ, ನೆಡುವುದಿಲ್ಲ. ಕೋಳಿ ಕೆದಕಿದರೆ ಕೋಳಿಗೆ ಏಟು, ಮಕ್ಕಳು ತುಳಿದರೆ ಮಕ್ಕಳಿಗೆ ಏಟು. ಅದಕ್ಕೆ ಬಿಟ್ಟ ಪಾತಿ ಎಂದು ಹೆಸರು. ಮನೆಯವರಲ್ಲಿ ಒಬ್ಬರು ತೀರಿಕೊಂಡರೆ ನಲವತ್ತು ದಿನದೊಳಗೆ ಆ ಪಾತಿಯಲ್ಲಿ ಒಂದು ಗಿಡ ತಾನಾಗಿ ಏಳುತ್ತದೆ. ಎಲ್ಲಿ ತೀರಿಕೊಂಡರೂ ಅಷ್ಟೇ, ಗಿಡ ಬರುವುದು ಮನೆಯ ಬಾಗಿಲಿಗೆ. ಅದು ಯಾವ ಗಿಡ, ಬಿಸಿಲು ಬೇಕೋ ನೆರಳು ಬೇಕೋ, ನೀರು ದಿನವೂ ಬೇಕೋ ವಾರಕ್ಕೊಮ್ಮೆ ಸಾಕೋ ಎಂದು ನೋಡಿ ಹೇಳುವುದು ನನ್ನ ಕೆಲಸ. ಗುರುತು ಹಿಡಿದ ಮೇಲೆ ಮನೆಯವರು ಅದನ್ನು ಎಬ್ಬಿಸಿ ಅಂಗಳದಲ್ಲಿ ಅದಕ್ಕೊಪ್ಪುವ ಜಾಗದಲ್ಲಿ ನೆಡುತ್ತಾರೆ. ಪಾತಿ ಮತ್ತೆ ಖಾಲಿಯಾಗುತ್ತದೆ. ನನ್ನ ಹೆಸರು ತಾಯಮ್ಮ. ಊರಿಗೆಲ್ಲ ನಾನು ಎಲೆಯಕ್ಕ.

ಇಂಥವರು ಇಂಥ ಗಿಡವಾಗುತ್ತಾರೆಂದು ಮೊದಲೇ ಹೇಳುವುದಕ್ಕೆ ಬರುವುದಿಲ್ಲ. ಮೂವತ್ತು ವರ್ಷ ಬೆತ್ತ ಹಿಡಿದು ಊರನ್ನೇ ನಡುಗಿಸಿದ ಮೇಷ್ಟ್ರು ಮುಟ್ಟಿದರೆ ಮುನಿ ಗಿಡವಾಗಿ ಬಂದರು. ಅವರ ಹೆಂಡತಿ ಒಂದು ವಾರ ಅತ್ತು, ಎಂಟನೆಯ ದಿನ ಬೆರಳ ತುದಿಯಿಂದ ಅದನ್ನು ಮುಟ್ಟಿ ನೋಡಿ ನಕ್ಕರಂತೆ. ಬದುಕಿದ್ದಷ್ಟು ದಿನ ತಲೆಗೊಂದು ಹೂ ಮುಡಿಯದ ನನ್ನ ಅತ್ತೆ ಕನಕಾಂಬರವಾಗಿ ಬಂದು, ಇವತ್ತಿಗೂ ವರ್ಷವಿಡೀ ಹೂ ಬಿಡುತ್ತಾರೆ. ಬೆಳಗ್ಗೆ ನೀರು ಹಾಕುವಾಗ ಮನೆಯವರು ಗಿಡದ ಹತ್ತಿರ ಕೂತು ಮನೆಯ ಸುದ್ದಿ ಹೇಳುವುದು ಇಲ್ಲಿನ ರೂಢಿ. ಯಾರಿಗೆ ಹೆಣ್ಣು ನೋಡಿದರು, ಯಾವ ಹಸು ಕರು ಹಾಕಿತು, ಎಲ್ಲವನ್ನೂ ಹೇಳುತ್ತಾರೆ. ಆ ಹೊತ್ತಿನಲ್ಲಿ ದಾರಿಯಲ್ಲಿ ಹೋಗುವವರು ಕಿವಿಗೊಡದೆ ಹೋಗಬೇಕು.

ಈ ಕೆಲಸವನ್ನು ನನಗೆ ಕಲಿಸಿದವರು ಅತ್ತೆಯೇ. ಮೊದಲ ಎರಡು ಎಲೆ ನೋಡಿ ಬಾಯಿ ಬಿಡಬೇಡ, ಅವು ಎಲ್ಲ ಗಿಡಕ್ಕೂ ಹೆಚ್ಚುಕಡಿಮೆ ಒಂದೇ, ಮೂರನೆಯ ಎಲೆಯಲ್ಲೇ ಗಿಡ ತನ್ನ ಮುಖ ತೋರಿಸುವುದು ಎನ್ನುತ್ತಿದ್ದರು. ನಾನು ಪಾತಿಯ ಮುಂದೆ ಕೂತಾಗ ಮನೆಯವರು ಕಣ್ಣು ಮುಚ್ಚಿಕೊಂಡು ನಿಲ್ಲಬೇಕು. ಹೆದರಿದ ಕಣ್ಣಿಗೆ ಹುಲ್ಲುಗರಿಯೂ ಹೆಣದ ಹಾಗೆ ಕಾಣುತ್ತದೆ ಎಂಬುದು ಅದಕ್ಕೆ ಕಾರಣ. ಎದ್ದದ್ದು ಗಾಳಿಗೋ ಹಕ್ಕಿಗೋ ಬಂದ ಕಳೆಯಾದರೆ ಅದರ ಚಿತ್ರವನ್ನು ಪುಸ್ತಕದಲ್ಲಿ ಬರೆದು, ಮನೆ ಯಾರದು, ದಿನ ಯಾವುದು ಎಂದು ಗುರುತು ಹಾಕಿ, ಬೇರುಸಹಿತ ಕಿತ್ತು, ಸೆರಗಿನಲ್ಲಿ ತಂದು ನನ್ನ ಹಿತ್ತಲಿಗೆ ಎಸೆಯಬೇಕು. ಹಾಗಾಗಿ ನನ್ನ ಹಿತ್ತಲಿಗೆ ಬೇರೆ ಯಾರೂ ಕಾಲಿಡುವುದಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಎಲೆ ನೋಡುವವರು ಬೆಟ್ಟ ಹತ್ತಬಾರದು. ಯಾಕೆಂದು ಅತ್ತೆಗೂ ಗೊತ್ತಿರಲಿಲ್ಲ. ಹೊಸ್ತಿಲು ದಾಟಿ ಬಂದ ಸೊಸೆ ಇಂಥದ್ದಕ್ಕೆಲ್ಲ ಕಾರಣ ಕೇಳುತ್ತಾಳೆಯೇ? ಅವರು ಹೇಳಿದರು, ನಾನು ಕೇಳಿದೆ. ಮೂವತ್ತೊಂದು ವರ್ಷ ಒಂದು ಗಿಡವನ್ನೂ ತಪ್ಪು ಹೇಳಲಿಲ್ಲ. ಅದರ ಜಂಬವೂ ನನಗೆ ಸಾಕಷ್ಟು ಇತ್ತು.

ಬೆಟ್ಟ ಊರಿನ ಬೆನ್ನಿಗೇ ಇದೆ. ಅದನ್ನು ಹತ್ತುತ್ತಿದ್ದವನು ಹೊನ್ನಯ್ಯ ಒಬ್ಬನೇ. ಊರಿನವರು ತಮ್ಮ ಅಂಗಳಕ್ಕೆ ಬೆಟ್ಟದ ಗಿಡ ಬೇಕೆಂದರೆ ಅವನಿಗೆ ಹೇಳುತ್ತಿದ್ದರು. ಬಂಡೆಗೆ ಅಂಟಿಕೊಂಡು ಉಬ್ಬುವ ಬೆಳ್ಳಿದಿಂಬು, ಮಂಜಿನಲ್ಲಿ ಮಾತ್ರ ಅರಳುವ ನೀಲಿಬಟ್ಟಲು, ಇಂಥವನ್ನು ಬೇರಿಗೆ ಪಾಚಿ ಸುತ್ತಿ ಬುಟ್ಟಿಯಲ್ಲಿ ತುಂಬಿಕೊಂಡು ಬರುತ್ತಿದ್ದ. ಬುಟ್ಟಿಯನ್ನು ಯಾವಾಗಲೂ ಎಡಹೆಗಲಿಗೇ ಹಾಕುತ್ತಿದ್ದುದರಿಂದ ಅವನ ಎಡಹೆಗಲು ಇಳಿದು, ಬಲಹೆಗಲು ಎದ್ದು ನಿಂತಿತ್ತು. ದೂರದಲ್ಲಿ ಬರುತ್ತಿದ್ದರೂ ಹೆಗಲು ನೋಡಿಯೇ ಹೊನ್ನಯ್ಯ ಎಂದು ಹೇಳಬಹುದಿತ್ತು. ಅವನು ತಂದ ಗಿಡಗಳನ್ನು ಉಳಿಸುತ್ತಿದ್ದವಳು ಅವನ ಹೆಂಡತಿ ರಾಚಮ್ಮ. ಬೆಟ್ಟದ ಗಿಡಕ್ಕೆ ನಮ್ಮ ಊರಿನ ಕೊಬ್ಬಿದ ಮಣ್ಣು ಆಗುವುದಿಲ್ಲ. ಕುಂಡದ ತಳಕ್ಕೆ ಹೆಂಚಿನ ಚೂರು ಹಾಕಿ, ಮೇಲೆ ಜಲ್ಲಿ, ಅದರ ಮೇಲೆ ಜರಡಿ ಹಿಡಿದ ಮರಳಿಗೆ ಹಿಡಿಯಷ್ಟು ಎಲೆಗೊಬ್ಬರ ಬೆರೆಸಿ ತುಂಬುತ್ತಿದ್ದಳು. ಗಿಡದ ಕುತ್ತಿಗೆಗೆ ಸುತ್ತಲೂ ಬೆಣಚುಕಲ್ಲು ಇಡುತ್ತಿದ್ದಳು, ನೀರು ನಿಂತು ಕೊಳೆಯದಿರಲೆಂದು. ಬೆಳಗಿನ ಬಿಸಿಲು ತೋರಿಸಿ ಹತ್ತು ಗಂಟೆಗೆಲ್ಲ ಚಪ್ಪರದ ಕೆಳಗೆ ಎಳೆಯುತ್ತಿದ್ದಳು. ಗುರುತು ಹಿಡಿಯುವುದರಲ್ಲಿ ನಾನು, ಬೆಳೆಸುವುದರಲ್ಲಿ ಅವಳು ಎಂದು ಊರಿನಲ್ಲಿ ಹೆಸರಾಗಿತ್ತು.

ಮೂರು ವರ್ಷದ ಹಿಂದೆ ಮುಂಗಾರು ಹಿಡಿದ ಮೇಲೆ ಹೊನ್ನಯ್ಯ ಬೆಟ್ಟಕ್ಕೆ ಹೋದವನು ಬರಲಿಲ್ಲ. ನಾಲ್ಕು ದಿನಕ್ಕೆ ಬರುತ್ತಿದ್ದವನು ಹತ್ತು ದಿನವಾದರೂ ಬರಲಿಲ್ಲ, ಇಪ್ಪತ್ತು ದಿನವಾದರೂ ಬರಲಿಲ್ಲ. ಇಪ್ಪತ್ತಾರನೆಯ ದಿನ ಹಗ್ಗ, ಕಂಬಳಿ ಹೊತ್ತುಕೊಂಡು ಹನ್ನೆರಡು ಮಂದಿ ಅವನನ್ನು ಹುಡುಕಲು ಹೊರಟು ರಾಚಮ್ಮನ ಮನೆಯ ಮುಂದೆ ನಿಂತಿದ್ದರು. ಆಗಲೇ ಪಾತಿಯಲ್ಲಿ ಏನೋ ಹಸುರು ಕಂಡಿದೆ ಎಂದು ಯಾರೋ ಕೂಗಿದರು. ನನ್ನನ್ನು ಕರೆಸಿದರು.

ನಾನು ಹೋದಾಗ ರಾಚಮ್ಮ ಬಾಗಿಲ ಚೌಕಟ್ಟು ಹಿಡಿದು ಕಣ್ಣು ಮುಚ್ಚಿ ನಿಂತಿದ್ದಳು. ಪಾತಿಯಲ್ಲಿದ್ದದ್ದು ಉಗುರಿನಷ್ಟು ಸಸಿ. ಎರಡೇ ಎಲೆ. ಒಂದು ಎಲೆ ಅಗಲವಾಗಿ ಚೆನ್ನಾಗಿತ್ತು, ಇನ್ನೊಂದು ಅದರ ಕಾಲು ಭಾಗವೂ ಇರಲಿಲ್ಲ. ಅತ್ತೆಯ ಮಾತಿನ ಪ್ರಕಾರ ನಾನು ಏನೂ ಹೇಳದೆ ಎದ್ದು, ಹತ್ತು ದಿನ ಬಿಟ್ಟು ಬರಬೇಕಿತ್ತು. ಆದರೆ ಆ ಹತ್ತು ದಿನ ಇವಳು ಹೀಗೆಯೇ ನಿಂತಿರುತ್ತಾಳಲ್ಲ ಎಂದು ಏಳಲು ಮನಸ್ಸಾಗಲಿಲ್ಲ. ಅದರ ಜೊತೆಗೆ ನನ್ನ ಜಂಬವೂ ಇತ್ತು. ಮೂರನೆಯ ಎಲೆಗೆ ಕಾಯಬೇಕಾದವರು ಹೊಸಬರು, ನನಗೇಕೆ ಎಂದುಕೊಂಡೆ. ಎಲೆಯ ಬಣ್ಣ ಗಣಿಕೆ ಸೊಪ್ಪಿನದರ ಹಾಗಿತ್ತು. ಗಣಿಕೆ ಹಣ್ಣು ತಿಂದ ಹಕ್ಕಿ ಎಲ್ಲೆಂದರಲ್ಲಿ ಬೀಜ ಹಾಕುತ್ತದೆ. ಚಿಕ್ಕ ಎಲೆಯ ಲೆಕ್ಕವನ್ನೂ ಹಾಗೆಯೇ ಮುಗಿಸಿದೆ.

"ಏನಿಲ್ಲ ಕಣಮ್ಮ, ಹಕ್ಕಿ ಹಾಕಿದ ಗಣಿಕೆ. ಅದಕ್ಕೂ ಹುಳು ಬಾಯಿ ಹಾಕೈತೆ. ನಿನ್ ಯಜಮಾನ ಬದುಕವ್ನೆ," ಎಂದೆ.

ರಾಚಮ್ಮ ಅಲ್ಲೇ ಕುಸಿದು ಕೂತು ನನ್ನ ಪಾದ ಹಿಡಿದುಕೊಂಡಳು. ನಾನು ಪುಸ್ತಕದಲ್ಲಿ ಒಂದು ದೊಡ್ಡ ಎಲೆ, ಒಂದು ಚಿಕ್ಕ ಎಲೆ ಬರೆದು, ಕೆಳಗೆ 'ಗಣಿಕೆ, ಹುಳು ತಿಂದ ಎಲೆ' ಎಂದು ಗುರುತು ಹಾಕಿ, ಸಸಿಯನ್ನು ಕಿತ್ತು ಸೆರಗಿಗೆ ಹಾಕಿಕೊಂಡೆ. ಹನ್ನೆರಡು ಮಂದಿ ಹೆಗಲ ಮೇಲಿನ ಹಗ್ಗ ಇಳಿಸಿದರು. ಬದುಕಿರುವವನು ತಾನಾಗಿಯೇ ಬರುತ್ತಾನೆ, ಈ ಮಳೆಯಲ್ಲಿ ನಾವು ಯಾಕೆ ಸಾಯಬೇಕು ಎಂದು ಮಾತಾಡಿಕೊಂಡು ಮನೆಗೆ ಹೋದರು. ಅವತ್ತು ಅದು ಯಾರಿಗೂ ತಪ್ಪೆಂದು ಕಾಣಲಿಲ್ಲ.

ಹೊನ್ನಯ್ಯ ಬರಲಿಲ್ಲ. ನಲವತ್ತು ದಿನ ಕಳೆಯಿತು, ಪಾತಿಯಲ್ಲಿ ಇನ್ನೇನೂ ಏಳಲಿಲ್ಲ. ವರ್ಷ ಕಳೆಯಿತು. ಪಾತಿ ಖಾಲಿಯಿದ್ದರೆ ಮನುಷ್ಯ ಇದ್ದಾನೆ ಎಂಬುದು ನಮ್ಮ ಊರಿನಲ್ಲಿ ಪ್ರಶ್ನೆ ಮಾಡುವ ವಿಷಯವಲ್ಲ. ಹಾಗಾದರೆ ಎಲ್ಲಿದ್ದಾನೆ? ಬೆಟ್ಟದ ಆಚೆ ಇಳಿದು ಇನ್ನೊಂದು ಮನೆ ಮಾಡಿಕೊಂಡಿದ್ದಾನೆ ಎಂದು ಬಾಯಿಂದ ಬಾಯಿಗೆ ಹರಡಿತು. ಅದನ್ನು ಹರಡಿದವರಲ್ಲಿ ನಾನೂ ಒಬ್ಬಳು. ರಾಚಮ್ಮ ಮಾತ್ರ ಒಂದು ದಿನವೂ ಹಾಗೆ ಅನ್ನಲಿಲ್ಲ. ಗಂಡ ಬರುತ್ತಾನೆಂದು ದಿನವೂ ಎರಡು ಮುದ್ದೆ ಕಟ್ಟುತ್ತಿದ್ದಳು. ಅವನ ಗಿಡಗಳನ್ನು ಬಿಸಿಲಿಗೆ ಎಳೆಯುತ್ತಿದ್ದಳು, ನೆರಳಿಗೆ ಎಳೆಯುತ್ತಿದ್ದಳು. ಊರಿಗೆ ಬೆಟ್ಟದಿಂದ ಹೊಸ ಗಿಡ ಬರುವುದು ನಿಂತುಹೋಯಿತು. ಇದ್ದ ಗಿಡಗಳು ಅವಳ ಕೈಯಲ್ಲಿ ಉಳಿದವು.

ಅಷ್ಟರಲ್ಲಿ ನನ್ನ ಹಿತ್ತಲಲ್ಲಿ ಒಂದು ವಿಚಿತ್ರ ನಡೆದಿತ್ತು. ಬಚ್ಚಲ ನೀರು ಹರಿಯುವ ಕಡೆ ಒಂದು ಹಳೆಯ ಕಲ್ಲುಗೋಡೆಯಿದೆ, ಯಾವಾಗಲೂ ತಂಪು, ಮೈತುಂಬ ಪಾಚಿ. ಅದರ ಸಂದಿಯಲ್ಲಿ ಒಂದು ಗಿಡ ಬೆಳೆಯಿತು. ಗಿಡವೆಂದರೆ ಕೊಂಬೆಯಿಲ್ಲ, ಕಾಂಡವಿಲ್ಲ. ಒಂದೇ ಒಂದು ಎಲೆ. ಮೊದಲ ವರ್ಷ ಅಂಗೈಯಷ್ಟಿತ್ತು, ಎರಡನೆಯ ವರ್ಷ ಮೊರದಷ್ಟಾಗಿ ಗೋಡೆಯ ಮೇಲೆ ಇಳಿಬಿದ್ದಿತು. ಮೈಮೇಲೆ ಬೆಕ್ಕಿನ ಕಿವಿಯಲ್ಲಿರುವಂಥ ನವುರಾದ ಕೂದಲು. ನನಗೆ ಅದರ ಹೆಸರು ಗೊತ್ತಾಗಲಿಲ್ಲ. ಕೇಳೋಣವೆಂದರೆ ಬೆಟ್ಟ ಬಲ್ಲವನು ಹೊನ್ನಯ್ಯ ಒಬ್ಬನೇ, ಅವನೇ ಇಲ್ಲ. ಅವನ ಬುಟ್ಟಿಯಿಂದ ಉದುರಿದ ಬೀಜ ಗಾಳಿಗೆ ಬಂದಿರಬೇಕು ಎಂದುಕೊಂಡು ಸುಮ್ಮನಾದೆ. ಒಂದೆಲೆ ಎಂದು ನಾನೇ ಹೆಸರಿಟ್ಟೆ. ದಿನವೂ ಅಕ್ಕಿ ತೊಳೆದ ನೀರು ಅದರ ಬುಡಕ್ಕೆ ಹಾಕುತ್ತಿದ್ದೆ. ಗಂಡ ಮಕ್ಕಳಿಲ್ಲದ ಮನೆ ನನ್ನದು. ನೀರು ಹಾಕುತ್ತ ಹಾಕುತ್ತ ಅದರ ಹತ್ತಿರ ಮಾತಾಡುವ ಚಟ ಬಿತ್ತು. ಏನು ಮಾತಾಡುತ್ತಿದ್ದೆ ಎಂಬುದನ್ನು ಮುಂದೆ ಹೇಳುತ್ತೇನೆ, ಹೇಳದೆ ಗತಿಯಿಲ್ಲ.

ಈ ವರ್ಷ ಮಾಘ ಕಳೆದ ಮೇಲೆ ಒಂದೆಲೆ ಹೂ ಬಿಟ್ಟಿತು. ಎಲೆಯ ಬುಡದಿಂದಲೇ ದಂಟುಗಳು ಎದ್ದು, ತುದಿಗೆ ತಿಳಿ ನೇರಳೆಯ ಪುಟ್ಟ ಪುಟ್ಟ ಹೂಗಳು. ಹೂ ಉದುರಿ ಕಾಯಿ ಒಡೆದು ಧೂಳಿನಂಥ ಬೀಜ ಚೆಲ್ಲಿತು. ಯುಗಾದಿಯ ನಂತರ ಎರಡು ಮಳೆ ಬಿದ್ದದ್ದೇ ತಡ, ಗೋಡೆಯ ಪಾಚಿಯ ತುಂಬ ಸಸಿ ಎದ್ದವು. ಬಗ್ಗಿ ನೋಡಿದೆ. ಮೊದಲ ಸಸಿಯಲ್ಲಿ ಒಂದು ಎಲೆ ದೊಡ್ಡದು, ಒಂದು ಚಿಕ್ಕದು. ಬಸವನಹುಳು ತಿಂದಿರಬೇಕು ಎಂದು ಬೈದುಕೊಂಡೆ. ಎರಡನೆಯದೂ ಹಾಗೆಯೇ ಇತ್ತು. ಮೂರನೆಯದೂ ಹಾಗೆಯೇ. ಗೋಡೆಯ ಮೇಲೆ ನೂರಕ್ಕೂ ಹೆಚ್ಚು ಸಸಿಗಳಿದ್ದವು, ಅಷ್ಟರಲ್ಲೂ ಒಂದು ಎಲೆ ದೊಡ್ಡದು, ಒಂದು ಎಲೆ ಚಿಕ್ಕದು. ಯಾವ ಹುಳುವೂ ಅಷ್ಟು ಅಚ್ಚುಕಟ್ಟಾಗಿ ತಿನ್ನುವುದಿಲ್ಲ.

ನಾನು ಒಳಗೆ ಹೋಗಿ ಪುಸ್ತಕ ತೆಗೆದೆ. ಪುಟ ಸಿಕ್ಕಿತು. ನನ್ನದೇ ಕೈಬರಹ, ನಾನೇ ಬರೆದ ಎರಡು ಎಲೆ. ಅದನ್ನು ಹಿಡಿದುಕೊಂಡು ಬಚ್ಚಲ ಕಟ್ಟೆಯ ಮೇಲೆ ಕೂತವಳು ಒಲೆಯ ಮೇಲಿಟ್ಟ ಅನ್ನ ಸೀದು ವಾಸನೆ ಬಂದರೂ ಏಳಲಿಲ್ಲ. ನಮ್ಮ ಊರಿನಲ್ಲಿ ಅದುವರೆಗೆ ಯಾರೂ ಬೆಟ್ಟದ ಗಿಡವಾಗಿ ಬಂದಿರಲಿಲ್ಲ. ಹೊನ್ನಯ್ಯ ತರುತ್ತಿದ್ದದ್ದೆಲ್ಲ ಬೆಳೆದ ಗಿಡ, ಬೆಟ್ಟದ ಸಸಿಯನ್ನು ನಾನು ಕಂಡೇ ಇರಲಿಲ್ಲ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಮೂರನೆಯ ಎಲೆಗೆ ಕಾದಿದ್ದರೂ ಪ್ರಯೋಜನವಿರಲಿಲ್ಲ, ಇದಕ್ಕೆ ಮೂರನೆಯ ಎಲೆಯೇ ಇಲ್ಲ ಎಂದೂ ಹೇಳಿಕೊಂಡೆ. ಆದರೆ ಕಾದಿದ್ದರೆ ಕೊನೆಯಪಕ್ಷ ಕೀಳುತ್ತಿರಲಿಲ್ಲ. ಒಬ್ಬ ಮನುಷ್ಯ ಸತ್ತು, ಬೆಟ್ಟ ಇಳಿದು, ತನ್ನ ಮನೆಯ ಬಾಗಿಲಿಗೆ ಬಂದಿದ್ದ. ಅವನನ್ನು ಬೇರುಸಹಿತ ಕಿತ್ತು ತಂದು ಹಿತ್ತಲಿಗೆ ಎಸೆದವಳು ನಾನು.

ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದೆ. ಹೇಳದೆ ಇದ್ದರೂ ನಡೆಯುತ್ತದೆ, ಅವಳು ಆಸೆಯಲ್ಲೇ ಇರಲಿ ಎಂದು ಒಂದು ಮನಸ್ಸು. ಮೂರನೆಯ ದಿನ ರಾಚಮ್ಮನೇ ನನ್ನ ಮನೆಗೆ ಬಂದಳು. ಕಾಲಿಗೆ ಗಂಡನ ಹಳೆಯ ಎಕ್ಕಡ ಮೆಟ್ಟಿದ್ದಳು, ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ ಎಂದಳು. ಸೋಮವಾರ ಬೆಟ್ಟಕ್ಕೆ ಹೊರಡುತ್ತಾಳಂತೆ. ಹುರಿಹಿಟ್ಟು ಕಟ್ಟಿಕೊಂಡಿದ್ದಾಳೆ, ಹಗ್ಗ ಹೊಸೆಸಿದ್ದಾಳೆ. ತಾನು ಬರುವವರೆಗೆ ಅಂಗಳದ ಗಿಡಗಳಿಗೆ ನೀರು ಹಾಕಬೇಕೆಂದು ಕೇಳುವುದಕ್ಕೆ ಬಂದಿದ್ದಳು. ಮಳೆಗಾಲ ಹಿಡಿಯುವ ಹೊತ್ತಿನಲ್ಲಿ ಒಬ್ಬಳೇ ಹೋಗುವ ದಾರಿಯೇ ಅದು ಎಂದು ಗದರಿದೆ. ಅವಳು ನೆಲ ನೋಡುತ್ತ ಹೇಳಿದಳು:

"ಪಾತೀಲಿ ಬಂದಿಲ್ಲ ಅಂದ್ಮೇಲೆ ಎಲ್ಲೋ ಕಾಲ್ ಮುರ್ಕೊಂಡು ಬಿದ್ದವ್ರೆ ಅಕ್ಕ. ಬದುಕವ್ರೆ ಅಂತ ನೀವೇ ಹೇಳಿದ್ರಲ್ಲ. ಬದುಕಿರೋರ್ನ ಮೂರು ವರ್ಷ ಹಂಗೇ ಬಿಟ್ಟುಬುಟ್ಟೆ ನಾನು."

ಆಗ ಹೇಳಬೇಕಿತ್ತು. ಆಯಿತು, ನೀರು ಹಾಕುತ್ತೇನೆ ಎಂದು ಕಳಿಸಿದೆ. ಅವಳ ಎಕ್ಕಡದ ಸದ್ದು ಬೀದಿಯ ತುದಿ ಮುಟ್ಟುವುದರೊಳಗೆ ನನಗೊಂದು ಉಪಾಯ ಹೊಳೆದಿತ್ತು. ಗೋಡೆಯಿಂದ ಒಂದು ಸಸಿ ಎಬ್ಬಿಸಿ ಅವಳ ಪಾತಿಯಲ್ಲಿ ಇಟ್ಟುಬಿಡುವುದು. ಬೆಳಗ್ಗೆ ಅವಳು ನೋಡುತ್ತಾಳೆ, ನನ್ನನ್ನು ಕರೆಸುತ್ತಾಳೆ. ನಾನು ಕೂತು ನೋಡಿ, ಹೊನ್ನಯ್ಯ ಈಗ ತೀರಿಕೊಂಡಿದ್ದಾನೆ ಎಂದು ಹೇಳುತ್ತೇನೆ. ಅವಳು ಬೆಟ್ಟಕ್ಕೆ ಹೋಗುವುದಿಲ್ಲ. ಅವಳ ಗಂಡ ಅವಳ ಅಂಗಳಕ್ಕೆ ಬಂದ ಹಾಗಾಗುತ್ತದೆ. ನನ್ನ ಮರ್ಯಾದೆಯೂ ಉಳಿಯುತ್ತದೆ. ಇದರಲ್ಲಿ ಯಾರಿಗೆ ಏನು ನಷ್ಟ ಎಂದು ನನ್ನನ್ನು ನಾನೇ ಕೇಳಿಕೊಂಡೆ. ನಷ್ಟವೇನೂ ಇಲ್ಲವೆಂದೇ ತೋರಿತು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅಂಗೈಯಲ್ಲಿ ಸಸಿ ಇಟ್ಟುಕೊಂಡು ಅವಳ ಮನೆಗೆ ಹೋದೆ. ಬಿಟ್ಟ ಪಾತಿಯ ಮುಂದೆ ಕುಕ್ಕುರುಗಾಲಲ್ಲಿ ಕೂತೆ. ಮೂರು ವರ್ಷ ನಾನು ಆ ಪಾತಿಯ ಕಡೆ ನೋಡಿರಲಿಲ್ಲ. ಯಾರೂ ಮುಟ್ಟಬಾರದ ಆ ಮಣ್ಣನ್ನು ರಾಚಮ್ಮ ಮುಟ್ಟಿರಲಿಲ್ಲ, ಆದರೆ ಸುತ್ತ ಬೆಣಚುಕಲ್ಲು ಜೋಡಿಸಿದ್ದಳು, ನೀರು ನಿಲ್ಲದಂತೆ ಓರೆಯಾಗಿ ಕಾಲುವೆ ಬಿಡಿಸಿದ್ದಳು. ಬೆಟ್ಟದ ಗಿಡಕ್ಕೆ ಮಾಡುವ ವ್ಯವಸ್ಥೆ. ಬರುವುದಿದ್ದರೆ ಎಂಥದ್ದು ಬರುತ್ತದೆಂದು ಅವಳಿಗೆ ಅಂದಾಜಿತ್ತು. ಬರದಿರಲಿ ಎಂದು ದಿನವೂ ಬೇಡಿಕೊಳ್ಳುತ್ತಲೇ, ಬಂದರೆ ಕೊಳೆಯದಿರಲಿ ಎಂದು ಜಾಗ ಮಾಡಿಟ್ಟಿದ್ದಳು. ನನ್ನ ಕೈ ಮಣ್ಣಿಗೆ ಹೋಗಲಿಲ್ಲ.

ಬಾಗಿಲು ತೆರೆಯಿತು. ಕಂಬಳಿ ಹೊದ್ದು, ಹಗ್ಗ ಹೆಗಲಿಗೆ ಹಾಕಿಕೊಂಡು ರಾಚಮ್ಮ ಹೊರಗೆ ಬಂದಳು. ಪಾತಿಯ ಮುಂದೆ ಕೂತ ನನ್ನನ್ನು ಕಂಡ ತಕ್ಷಣ ರೂಢಿಯ ಪ್ರಕಾರ ಕಣ್ಣು ಮುಚ್ಚಿಕೊಂಡಳು. ಕೈ ಚೌಕಟ್ಟನ್ನು ಹುಡುಕಿತು. ಅವತ್ತು ನಿಂತ ಜಾಗದಲ್ಲೇ, ನಿಂತ ಹಾಗೆಯೇ ನಿಂತಳು.

"ಬಂತಾ ಅಕ್ಕ?" ಎಂದಳು.

ಹೂಂ ಎಂದರೆ ಮುಗಿಯುತ್ತಿತ್ತು. ಅವಳ ಕಣ್ಣು ಮುಚ್ಚಿತ್ತು, ಸಸಿ ನನ್ನ ಕೈಯಲ್ಲಿತ್ತು, ಒಂದು ಬೆರಳಿನಷ್ಟು ಗುಳಿ ತೋಡಿದ್ದರೆ ಸಾಕಿತ್ತು. ಅವಳ ಮುಖವನ್ನು ನೋಡಿದೆ. ನನ್ನ ಮಾತಿಗಾಗಿ ಕಾಯುತ್ತಿದ್ದ ಆ ಮುಖಕ್ಕೆ ಎರಡನೆಯ ಸಲ ಮೋಸ ಮಾಡುವ ಶಕ್ತಿ ನನಗಿರಲಿಲ್ಲ.

"ಕಣ್ ಬಿಡು ರಾಚಮ್ಮ," ಎಂದೆ.

ಅವಳು ಬಿಡಲಿಲ್ಲ. ಕಟ್ಟಳೆ ಮುರಿಯಲು ಎಲೆಯಕ್ಕನೇ ಹೇಳುತ್ತಾಳೆಂದು ನಂಬುವುದಕ್ಕೆ ಅವಳಿಗೆ ಹೊತ್ತು ಹಿಡಿಯಿತು. ಇನ್ನೊಂದು ಸಲ ಹೇಳಿದ ಮೇಲೆ ಕಣ್ಣು ತೆರೆದು, ಮೊದಲು ಖಾಲಿ ಪಾತಿ ನೋಡಿದಳು, ಆಮೇಲೆ ನನ್ನ ಅಂಗೈ ನೋಡಿದಳು. ಬಗ್ಗಿ, ಉಸಿರು ತಾಗುವಷ್ಟು ಹತ್ತಿರ ಬಂದಳು. ಸಸಿಯ ವಿಷಯ ನಾನಿನ್ನೂ ಎತ್ತಿರಲಿಲ್ಲ.

"ಒಂದು ಹೆಗ್ಲು ಮೇಲೆ, ಒಂದು ಹೆಗ್ಲು ಕೆಳಗೆ," ಎಂದಳು. "ಇದು ಅವರೇ."

ಮೂವತ್ತೊಂದು ವರ್ಷ ಎಲೆ ನೋಡಿದವಳಿಗೆ ಕಾಣದ್ದು ಅವಳಿಗೆ ಒಂದು ಗಳಿಗೆಯಲ್ಲಿ ಕಂಡಿತು. ನಾನು ಅಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಇದು ಅವನ ಬೀಜದಿಂದ ಎದ್ದ ಸಸಿ, ಅವನಲ್ಲ, ಅವನು ಬಂದದ್ದು ಮೂರು ವರ್ಷದ ಹಿಂದೆ, ಇದೇ ಪಾತಿಗೆ, ನಾನು ಗಣಿಕೆ ಎಂದು ಕಿತ್ತೆ ಎಂದೆ. ಈಗ ಯಾಕೆ ಬಂದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅವಳು ಹಗ್ಗವನ್ನು ಹೆಗಲಿಂದ ಇಳಿಸಿ, ಸುತ್ತಿ, ಹೊಸ್ತಿಲ ಮೇಲಿಟ್ಟಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ.

"ಅವತ್ತು ನನ್ ಕಣ್ ಮುಚ್ಚಿಸ್ದೆ ನೀನು," ಎಂದಳು. "ನಾನು ನೋಡಿದ್ರೆ ಹೇಳ್ತಿದ್ದೆ."

ಅದುವರೆಗೆ ಅವಳು ನನ್ನನ್ನು ಏಕವಚನದಲ್ಲಿ ಕರೆದವಳಲ್ಲ. ಎಲ್ಲಿದ್ದಾರೆ ಎಂದು ಕೇಳಿದಳು. ಹಿತ್ತಲಿಗೆ ಕರೆದುಕೊಂಡು ಬಂದೆ.

ಒಂದೆಲೆ ಆಗಲೇ ಬಾಡಲು ಹಿಡಿದಿತ್ತು. ಅದು ಒಂದೇ ಸಲ ಹೂ ಬಿಟ್ಟು ಮುಗಿಯುವ ಜಾತಿ ಎಂದು ನನಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಎಲೆಯ ಅಂಚು ಕಂದಿ ಸುರುಟಿಕೊಂಡಿತ್ತು, ಒಣಗಿದ ದಂಟುಗಳ ನಡುವೆ ಎರಡೇ ಹೂ ಉಳಿದಿದ್ದವು. ಕೊಂಬೆಯಿರುವ ಗಿಡವಾದರೆ ತುಂಡು ಮಾಡಿ ನೆಟ್ಟು ತಲೆತಲಾಂತರ ಉಳಿಸಿಕೊಳ್ಳುತ್ತಾರೆ. ಇದಕ್ಕೆ ಕೊಂಬೆಯೆಲ್ಲಿ? ರಾಚಮ್ಮ ಪಾಚಿ ಮುಟ್ಟಿ ನೋಡಿದಳು, ಕಲ್ಲಿನ ಸಂದಿಗೆ ಬೆರಳಿಟ್ಟು ತೇವ ನೋಡಿದಳು, ಎಲೆಯ ಕೆಳಗೆ ಕೈಯಿಟ್ಟು ಅದರ ಭಾರ ಹೊತ್ತು ನಿಂತಳು. ಜಾಗ ಒಳ್ಳೆಯದು, ಇದಕ್ಕಿಂತ ಚೆನ್ನಾಗಿ ನಾನೂ ಬೆಳೆಸುತ್ತಿರಲಿಲ್ಲ ಎಂದಳು. ಅದು ಹೊಗಳಿಕೆಯಲ್ಲ, ಗಿಡದವರು ಗಿಡದ ಬಗ್ಗೆ ಆಡುವ ಮಾತು. ಆಮೇಲೆ, ಮತ್ತೆ ಬಹುವಚನಕ್ಕೆ ಬಂದು, ನಾನು ಹೆದರಿಕೊಂಡಿದ್ದ ಪ್ರಶ್ನೆಯನ್ನು ಕೇಳಿದಳು.

"ಮೂರು ವರ್ಷ ನೀರು ಹಾಕಿದ್ದೀರಲ್ಲ. ಏನ್ ಮಾತಾಡ್ತಿದ್ರಿ ಇವರ ಜೊತೆ?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳಿಗೂ ಹಿತವಾಗಿರುತ್ತಿತ್ತು. ನಾನು ದಿನವೂ ಆ ಗಿಡಕ್ಕೆ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಅದರಲ್ಲಿ ರಾಚಮ್ಮನ ಸುದ್ದಿಯೂ ಇರುತ್ತಿತ್ತು. ಅವಳು ಇವತ್ತೂ ಎರಡು ಮುದ್ದೆ ಕಟ್ಟಿದಳಂತೆ, ಆ ಪಾಪಿ ಹೊನ್ನಯ್ಯ ಬೆಟ್ಟದಾಚೆ ಯಾವಳ ಜೊತೆಯಲ್ಲೋ ಉಂಡು ಮಲಗಿದ್ದಾನೆ, ಇಂಥ ಹೆಂಡತಿಯನ್ನು ಬಿಟ್ಟವನ ಕೈ ಸೇದಿಹೋಗಲಿ. ಹೀಗೆ ಮೂರು ವರ್ಷ, ಎಲೆಯ ಮೇಲಿನ ಧೂಳು ಒರೆಸುತ್ತ, ಅವನ ಮುಖದೆದುರಿಗೇ ಅವನನ್ನು ಬೈದಿದ್ದೆ. ಅಷ್ಟನ್ನೂ ಅವಳಿಗೆ ಹೇಳಿದೆ.

ರಾಚಮ್ಮ ಎಲೆಯ ಸುರುಟಿದ ಅಂಚನ್ನು ಬೆರಳಿಂದ ಬಿಡಿಸಿದಳು. ನಂತರ, ನಾನು ಎರಡು ಮುದ್ದೆ ಕಟ್ಟುತ್ತಿದ್ದದ್ದನ್ನು ಇವರಿಗೆ ಹೇಳಿದ್ದೀರಾ ಎಂದು ಕೇಳಿದಳು. ದಿನವೂ ಹೇಳಿದ್ದೇನೆ ಎಂದೆ. ಆಗ ಅವಳಿಗೆ ಅಳು ಬಂತು. ಗೋಡೆಗೆ ಹಣೆ ಹಚ್ಚಿ, ಮೂರು ವರ್ಷದ್ದನ್ನೂ ಅತ್ತಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಗಿಡ ಇನ್ನೂ ಹನ್ನೊಂದು ದಿನ ಉಳಿಯಿತು. ಅಷ್ಟು ದಿನವೂ ರಾಚಮ್ಮ ಬೆಳಗ್ಗೆ ನನ್ನ ಹಿತ್ತಲಿಗೆ ಬಂದು ಗೋಡೆಯ ಮುಂದೆ ಕೂರುತ್ತಿದ್ದಳು. ಹೇಳಬೇಕಾದದ್ದು ಬಹಳ ಇತ್ತು. ಬೆಳ್ಳಿದಿಂಬಿಗೆ ಬಂದ ಬೂಷ್ಟು, ಕುಸಿದ ಚಪ್ಪರ, ನಾದಿನಿಯ ಬಾಣಂತನ ಎಲ್ಲವನ್ನೂ ಮೊದಲ ವರ್ಷದಿಂದ ಒಂದೊಂದಾಗಿ ಹೇಳುತ್ತಿದ್ದಳಂತೆ, ಅವಳೇ ಆಮೇಲೆ ತಿಳಿಸಿದಳು. ನಾನು ಕಿವಿಗೊಡಲಿಲ್ಲ. ಒಂದು ದಿನ ಮಾತ್ರ ಒಲೆಗೆ ಸೌದೆ ತರಲು ಹೋದಾಗ, ತಪ್ಪಿ, ಒಂದು ಮಾತು ಕಿವಿಗೆ ಬಿತ್ತು. "ಎಲೆಯಕ್ಕ ಬೈದಿದ್ಕೆ ಬೇಜಾರು ಮಾಡ್ಕೋಬೇಡಿ, ಅವರಿಗೆ ನೀವು ಅಂತ ಗೊತ್ತಿರ್ಲಿಲ್ಲ," ಎನ್ನುತ್ತಿದ್ದಳು. ಸೌದೆಯನ್ನು ಅಲ್ಲೇ ಬಿಟ್ಟು ಬಂದೆ. ಅವತ್ತು ಮಧ್ಯಾಹ್ನದವರೆಗೆ ಒಲೆ ಹಚ್ಚಲಿಲ್ಲ.

ಹನ್ನೆರಡನೆಯ ದಿನ ಎಲೆ ಕಲ್ಲಿನಿಂದ ಕಳಚಿ ಬಿತ್ತು. ನಾನು ಊರ ಕಟ್ಟೆಗೆ ಹೋಗಿ, ನಡೆದದ್ದನ್ನು ಎಲ್ಲರ ಮುಂದೆ ಹೇಳಿ, ಪುಸ್ತಕವನ್ನು ಅಲ್ಲಿಟ್ಟೆ. ಬೇರೆ ಯಾರಾದರೂ ಎಲೆ ನೋಡಲಿ ಎಂದೆ. ಮೂ‌ವತ್ತೊಂದು ವರ್ಷದಲ್ಲಿ ಕಿತ್ತ ಕಳೆಗಳ ಪುಟಗಳನ್ನೆಲ್ಲ ತಿರುವಿ, ನಮ್ಮ ಮನೆಯದು ಸರಿಯಾಗಿತ್ತೇ, ನಮ್ಮ ಮನೆಯದು ಸರಿಯಾಗಿತ್ತೇ ಎಂದು ಕೇಳಿದವರೂ ಇದ್ದರು. ಕೇಳಬೇಕಾದದ್ದೇ. ರಾಚಮ್ಮ ಆ ಪುಸ್ತಕವನ್ನು ಎತ್ತಿಕೊಂಡು, ತನ್ನ ಮನೆಯ ಪುಟ ತೆರೆಸಿ, ಹುಳು ತಿಂದ ಎಲೆ ಎಂಬುದನ್ನು ನನ್ನ ಕೈಯಿಂದಲೇ ಗೀಟು ಹೊಡೆಸಿ ಅಳಿಸಿ, ಕೆಳಗೆ ಹೊನ್ನಯ್ಯ ಎಂದು ಬರೆಸಿದಳು. ಎಲೆ ನೋಡುವುದನ್ನು ನೀವೇ ಮುಂದುವರಿಸಿ, ಆದರೆ ಇನ್ನುಮುಂದೆ ಮನೆಯವರು ಕಣ್ಣು ಬಿಟ್ಟುಕೊಂಡೇ ನಿಮ್ಮ ಪಕ್ಕದಲ್ಲಿ ಕೂರಬೇಕು ಎಂದಳು. ಕಟ್ಟೆಯ ಮೇಲಿನವರು ಬಹಳ ಹೊತ್ತು ಚರ್ಚೆ ಮಾಡಿ ಒಪ್ಪಿದರು. ಈಗ ಹಾಗೆಯೇ ನಡೆಯುತ್ತಿದೆ. ಹೆದರಿದ ಕಣ್ಣು ಅಷ್ಟೇನೂ ತಪ್ಪು ನೋಡುವುದಿಲ್ಲವೆಂದು ನಾನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.

ಮುಂಗಾರು ಹಿಡಿದ ಮೇಲೆ ರಾಚಮ್ಮ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದಳು. ನನ್ನ ಗೋಡೆಯಿಂದ ಒರೆಸಿ ತೆಗೆದಿಟ್ಟಿದ್ದ ಧೂಳುಬೀಜವನ್ನು ಮರಳಿನ ಜೊತೆ ಬೆರೆಸಿ, ತನ್ನ ಮನೆಯ ಬಿಟ್ಟ ಪಾತಿಯಲ್ಲಿ ಚೆಲ್ಲಿದಳು. ಬಿಟ್ಟ ಪಾತಿಯಲ್ಲಿ ಯಾರೂ ಬಿತ್ತಿದ್ದಿಲ್ಲ. ನಾನು ಅಲ್ಲೇ ಇದ್ದೆ, ನೀರು ಚಿಮುಕಿಸಲು ಚೊಂಬು ಹಿಡಿದಿದ್ದವಳು ನಾನೇ. ಬೇಡವೆನ್ನಲು ನನಗೆ ಯಾವ ಬಾಯಿ?

ಹದಿನೆಂಟು ದಿನಕ್ಕೆ ಸಸಿ ಎದ್ದವು. ಸುದ್ದಿ ಕೇಳಿ ಅಕ್ಕಪಕ್ಕದವರೆಲ್ಲ ನೋಡಲು ಬಂದರು. ಅವತ್ತು ಕಟ್ಟೆಗೆ ಬಾರದಿದ್ದ ಎದುರು ಮನೆಯ ದರ್ಜಿ ದೇವಣ್ಣ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, ಅಯ್ಯೋ, ಎಲ್ಲಾ ಸಸಿಯಲ್ಲೂ ಒಂದೊಂದು ಎಲೆ ಹುಳು ತಿಂದುಹಾಕಿದೆಯಲ್ಲ, ಸ್ವಲ್ಪ ಬೂದಿ ಎರಚು ರಾಚಮ್ಮ ಎಂದರು. ನಾನು ಮಾತಾಡಲು ಹೋದೆ. ರಾಚಮ್ಮ ನನ್ನ ಮಂಡಿಯ ಮೇಲೆ ಕೈಯಿಟ್ಟು ತಡೆದಳು.

"ಹುಳು ತಿಂದಿಲ್ಲ ದೇವಣ್ಣ," ಎಂದಳು. "ಅವರು ಇರೋದೇ ಹಂಗೆ."